ಕೊಳಚೆನೀರು ಶುದ್ಧೀಕರಣ ಘಟಕಗಳ ಹಸಿರುಮನೆ ಅನಿಲಗಳು

ಕೊಳಚೆನೀರನ್ನು ಶುದ್ಧೀಕರಿಸುವಾಗ ಇಂಗಾಲದ ಡೈಆಕ್ಸೈಡ್, ಮೀಥೇನ್ ಮತ್ತು ನೈಟ್ರಸ್ ಆಕ್ಸೈಡ್ ಎಂಬ ಮೂರು ಹಸಿರುಮನೆ ಅನಿಲಗಳು ಹೊರಬೀಳುತ್ತವೆ. ಮಲಮೂತ್ರ ಕೊಳೆತು ಹುಟ್ಟುವ ಇಂಗಾಲದ ಡೈಆಕ್ಸೈಡ್ ಬೆಳೆಗಳು ಗಾಳಿಯಿಂದಲೇ ಹೀರಿಕೊಂಡಿದ್ದು. ಅದು ಮತ್ತೆ ಗಾಳಿಗೇ ಮರಳುವುದರಿಂದ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದೆರಡನ್ನು ಹಾಗೆ ಬಿಡಲಾಗದು. 100 ವರ್ಷಗಳ ಅವಧಿಯಲ್ಲಿ ಒಂದು ಕಿಲೊ ಮೀಥೇನ್ ಸುಮಾರು 27 ಕಿಲೊ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯೇರಿಸಿದರೆ, ನೈಟ್ರಸ್ ಆಕ್ಸೈಡ್ 273 ಕಿಲೊದಷ್ಟು ಬಿಸಿಯೇರಿಸುತ್ತದೆ.

ಆಮ್ಲಜನಕ ಸುಳಿಯದ ಕಡೆ ಮೀಥೇನ್ ಹುಟ್ಟುತ್ತದೆ. ಒಳಚರಂಡಿ ಕೊಳವೆ, ಸೆಪ್ಟಿಕ್ ಟ್ಯಾಂಕ್, ಕೆಸರು ಕೊಳೆಯುವ ತೊಟ್ಟಿ ಎಲ್ಲವೂ ಅದರ ತವರು. ನೆದರ್ಲೆಂಡ್ಸಿನ ಗಾಟ್ಸೆ ಲೆಟಿಂಗಾ 1970ರ ದಶಕದಲ್ಲಿ ರೂಪಿಸಿದ ಯುಎಎಸ್‌ಬಿ ಎಂಬ ಆಮ್ಲಜನಕರಹಿತ ಶುದ್ಧೀಕರಣ ತೊಟ್ಟಿಗೆ ಗಾಳಿ ಊದಬೇಕಾಗಿಲ್ಲ, ಕರೆಂಟು ಉಳಿಯುತ್ತದೆ. ಗಂಗಾ ಕ್ರಿಯಾ ಯೋಜನೆಯಡಿ ಕಾನ್ಪುರದ ಜಾಜ್ಮೌನಲ್ಲಿ ಇಂಥ ಘಟಕ ಬಂತು. ಆದರೆ ಮೀಥೇನ್ ಪೂರ್ತಿಯಾಗಿ ಮೇಲೆದ್ದು ಬರುವುದಿಲ್ಲ. ಒಂದು ಪಾಲು ನೀರಿನಲ್ಲೇ ಕರಗಿ, ಹೊರಗೆ ಹರಿದ ಮೇಲೆ ಗಾಳಿಗೆ ಸೇರಿಹೋಗುತ್ತದೆ. ಹಾಗೆಂದು ಘಟಕವೇ ಬೇಡ ಎನ್ನುವಂತಿಲ್ಲ. ಶುದ್ಧೀಕರಿಸದ ನೀರು ಕೆರೆಯಲ್ಲಿ ನಿಂತರೆ ಅಲ್ಲಿಯೂ ಮೀಥೇನ್ ಏಳುತ್ತದೆ, ಹಿಡಿಯುವವರು ಮಾತ್ರ ಯಾರೂ ಇರುವುದಿಲ್ಲ. ಘಟಕದಲ್ಲಾದರೆ ಅದನ್ನು ಹಿಡಿದು ಉರಿಸಬಹುದು, ವಿದ್ಯುತ್ತಾಗಿಸಬಹುದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಂದು ಘಟಕದಲ್ಲಿ ಈ ವ್ಯವಸ್ಥೆ ಇದೆ.

ನೈಟ್ರಸ್ ಆಕ್ಸೈಡಿನ ಕತೆ ಇದಕ್ಕಿಂತ ತೊಡಕಿನದು. ನಾವು ತಿಂದ ಬೇಳೆ, ಹಾಲು, ಮಾಂಸದ ಪ್ರೋಟೀನಿನಲ್ಲಿರುವ ಸಾರಜನಕ ಮೂತ್ರದ ಮೂಲಕ ಅಮೋನಿಯವಾಗಿ ಘಟಕ ಸೇರುತ್ತದೆ. ಗಾಳಿ ಊದಿದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನಿರಪಾಯದ ಸಾರಜನಕ ಅನಿಲವಾಗಿ ಬಿಡಿಸುತ್ತವೆ. ಈ ಎರಡನೆಯ ದಾರಿಯ ಕೊನೆಯ ಮೆಟ್ಟಿಲಿಗೆ ಮುಂಚೆ ಸಿಗುವುದೇ ನೈಟ್ರಸ್ ಆಕ್ಸೈಡ್. ಆಮ್ಲಜನಕ ಸಾಲದೆ ನೈಟ್ರೈಟ್ ಕಟ್ಟಿಕೊಂಡರೆ, ಅಥವಾ ಬ್ಯಾಕ್ಟೀರಿಯಾಗಳಿಗೆ ಬೇಕಾದಷ್ಟು ಇಂಗಾಲ ಸಿಗದಿದ್ದರೆ, ಕೆಲಸ ಅರ್ಧಕ್ಕೇ ನಿಂತು ಈ ಅನಿಲ ಮೇಲೇಳುತ್ತದೆ. ಹಾಗಾಗಿ ಕರೆಂಟು ಬಿಲ್ಲಿಗೆ ಹೆದರಿ ಗಾಳಿ ಊದುವ ಬ್ಲೋವರನ್ನು ಅತಿಯಾಗಿ ತಗ್ಗಿಸಿದರೆ ಉಳಿತಾಯಕ್ಕಿಂತ ಹಾನಿಯೇ ಹೆಚ್ಚಾಗಬಹುದು.

ಬಹುಕಾಲ ಘಟಕಗಳ ನೈಟ್ರಸ್ ಆಕ್ಸೈಡನ್ನು ಕಡೆಗಣಿಸಲಾಗಿತ್ತು. ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿಯ 2006ರ ಮಾರ್ಗಸೂಚಿ ಘಟಕಗಳಿಗೆ ಹಾಕಿದ ಲೆಕ್ಕ ತಲೆಗೆ ವರ್ಷಕ್ಕೆ 3.2 ಗ್ರಾಂ. ಆ ಅಂಕಿ ಬಂದದ್ದು ಅಮೆರಿಕದ ಉತ್ತರ ಭಾಗದ ಒಂದೇ ಘಟಕದ ಅಳತೆಯಿಂದ. ಅದೂ ಸಾರಜನಕ ತೆಗೆಯಲೆಂದು ಕಟ್ಟಿದ್ದಲ್ಲ. ಹಲವು ದೇಶಗಳ ಲೆಕ್ಕ ಅದರ ಮೇಲೆ ನಿಂತದ್ದು ದೊಡ್ಡ ಲೋಪ. 2019ರ ಪರಿಷ್ಕರಣೆ, ಘಟಕಕ್ಕೆ ಬರುವ ಸಾರಜನಕದ ಶೇ 1.6 ಭಾಗ ನೈಟ್ರಸ್ ಆಕ್ಸೈಡಾಗುತ್ತದೆಂದು ಹಿಡಿಯಿತು. ಒಬ್ಬರಿಂದ ದಿನಕ್ಕೆ 10 ಗ್ರಾಂ ಸಾರಜನಕ ಬರುತ್ತದೆಂದರೆ, ಅನಿಲದಲ್ಲಿರುವ ಆಮ್ಲಜನಕದ ತೂಕವೂ ಸೇರಿ ಅದು ವರ್ಷಕ್ಕೆ ಸುಮಾರು 90 ಗ್ರಾಂ ನೈಟ್ರಸ್ ಆಕ್ಸೈಡ್, ಹಳೆಯ ಲೆಕ್ಕದ ಹತ್ತಿರ ಹತ್ತಿರ 30 ಪಟ್ಟು.

ತೆರೆದ ತೊಟ್ಟಿಗಳ ಮೇಲೆ ಈ ಅನಿಲವನ್ನು ಅಳೆಯುವುದು ಕಷ್ಟ. ಋತು, ಗಂಟೆ, ತೊಟ್ಟಿಯ ಮೂಲೆ ಬದಲಾದಂತೆ ಪ್ರಮಾಣವೂ ಬದಲಾಗುತ್ತದೆ. ಹೆಲ್ಸಿಂಕಿಯ ವೀಕಿನ್‌ಮ್ಯಾಕಿ ಘಟಕ ಬಂಡೆಯ ಒಳಗೆ ಕೊರೆದು ಕಟ್ಟಿದ್ದರಿಂದ, ಅದರ ಗಾಳಿಯನ್ನು ಚಿಮಣಿಯಲ್ಲೇ ನಿರಂತರ ಅಳೆಯಲು ಸಾಧ್ಯವಾಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ತಿದ್ದಿದ ನಗರ ಕೊಳಚೆನೀರು ನಿರ್ದೇಶನವು ದೊಡ್ಡ ಘಟಕಗಳ ಹಸಿರುಮನೆ ಅನಿಲಗಳ ಮೇಲೂ ನಿಗಾ ಇಡಬೇಕೆಂದು ವಿಧಿಸಿದೆ.