ತೂಕಕ್ಕೆ ಹಾಕೋ ಮೊದಲು: ಗುಜರಿಯಲ್ಲಿ ಕರಗದೆ ಉಳಿದ ಚಕ್ರವರ್ತಿಯ ಮೊಟ್ಟೆ

ಬೆಂಗಳೂರಿನ ಸಂಡೇ ಬಜಾರ್‌ಗೆ ಹೋಗಿದ್ದೀರಾ? ಭಾನುವಾರ ಬೆಳಿಗ್ಗೆ ಬಿವಿಕೆ ಅಯ್ಯಂಗಾರ್ ರಸ್ತೆ ಕಡೆ ಹೋದ್ರೆ ಹಳೇ ಗಡಿಯಾರ, ಕ್ಯಾಮೆರಾ, ಪಾತ್ರೆ, ಸ್ಪ್ಯಾನರ್ ಎಲ್ಲಾ ನೆಲದ ಮೇಲೆ ಹರಡಿರ್ತಾರೆ. ಅಲ್ಲಿ ಬಗ್ಗಿ ಹುಡುಕೋರ ಮನಸ್ಸಲ್ಲಿ ಒಂದು ಸಣ್ಣ ಆಸೆ ಇದ್ದೇ ಇರುತ್ತೆ: ನೂರು ರೂಪಾಯಿಗೆ ತಗೊಂಡಿದ್ದು ಲಕ್ಷ ಬಾಳಿದ್ರೆ? ಆ ಆಸೆ ನಿಜವಾದ ಕಥೆ ಒಂದಿದೆ. ಎಲ್ಲರೂ ಅದನ್ನ ಅದೃಷ್ಟದ ಕಥೆ ಅಂತಾರೆ. ಬಿ.ಕಾಂ. ಓದಿರೋ ನನಗೆ ಮಾತ್ರ ಅದು ತಪ್ಪು ಲೆಕ್ಕದ ಕಥೆ ಅನ್ಸುತ್ತೆ.

ಶುರು ಆಗೋದು ರಷ್ಯಾದಲ್ಲಿ. ಚಕ್ರವರ್ತಿ ಮೂರನೇ ಅಲೆಕ್ಸಾಂಡರ್ 1885ರಿಂದ ಈಸ್ಟರ್ ಹಬ್ಬಕ್ಕೆ ತನ್ನ ಹೆಂಡತಿ ಮರಿಯಾ ಫಿಯೊಡೊರೊವ್ನಾಗೆ ಫ್ಯಾಬರ್ಜೆ ಅನ್ನೋ ಅಕ್ಕಸಾಲಿಗರ ಮನೆಯಿಂದ ಒಡವೆಯ ಮೊಟ್ಟೆ ಮಾಡಿಸಿ ಕೊಡ್ತಿದ್ದ. ಮಗ ಎರಡನೇ ನಿಕೋಲಸ್ ಕೂಡ ಇದನ್ನ ಮುಂದುವರಿಸಿದ. ಒಟ್ಟು 50 ಮೊಟ್ಟೆ ಅರಮನೆ ಸೇರಿದವು. ನಮ್ಮ ಕಥೆಯದು ಮೂರನೆಯದು, 1887ರದ್ದು. ಎತ್ತರ ಬರೀ 8.2 ಸೆಂಟಿಮೀಟರ್, ಅಂದ್ರೆ ಅಂಗೈಯಲ್ಲಿ ಹಿಡಿಸುತ್ತೆ. ಚಿನ್ನದ ಮೊಟ್ಟೆ, ಸಿಂಹದ ಪಾದದ ಮೂರು ಕಾಲಿನ ಪೀಠ, ಸುತ್ತ ನೀಲಮಣಿ. ಮುಚ್ಚಳ ತೆಗೆದ್ರೆ ಒಳಗೊಂದು ಪುಟ್ಟ ಗಡಿಯಾರ. ಅದರ ಮೇಲೆ ತಯಾರಿಸಿದವರ ಹೆಸರು: ವಾಶೆರಾನ್ ಕಾನ್‌ಸ್ಟಾಂಟಿನ್.

1902ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದು ಪ್ರದರ್ಶನದಲ್ಲಿ ಇದನ್ನ ಜನ ನೋಡಿದ್ದರು. 1917ರ ಕ್ರಾಂತಿಯಲ್ಲಿ ಅರಮನೆ ಸಂಪತ್ತಿನ ಜೊತೆ ಇದೂ ಸರ್ಕಾರದ ವಶಕ್ಕೆ ಹೋಯ್ತು. 1922ರ ದಾಖಲೆಯಲ್ಲಿ ಮಾಸ್ಕೋದಲ್ಲಿದೆ ಅಂತ ಇದೆ. ಹೊಸ ಸರ್ಕಾರಕ್ಕೆ ಯಂತ್ರ ಕೊಳ್ಳೋಕೆ ವಿದೇಶಿ ಹಣ ಬೇಕಿತ್ತು, ಅರಮನೆ ಒಡವೆಗಳು ಪಶ್ಚಿಮಕ್ಕೆ ಮಾರಾಟ ಆದವು. ಆಮೇಲೆ ಈ ಮೊಟ್ಟೆಯ ಸುಳಿವೇ ಇಲ್ಲ.

ಮತ್ತೆ ಕಾಣಿಸಿಕೊಂಡಿದ್ದು 1964ರಲ್ಲಿ, ನ್ಯೂಯಾರ್ಕ್‌ನ ಪಾರ್ಕ್-ಬರ್ನೆಟ್ ಹರಾಜಿನಲ್ಲಿ. ಆದ್ರೆ ಕ್ಯಾಟಲಾಗ್‌ನಲ್ಲಿ ಫ್ಯಾಬರ್ಜೆ ಹೆಸರಿಲ್ಲ, ಚಕ್ರವರ್ತಿ ಹೆಸರೂ ಇಲ್ಲ. ಮೊಟ್ಟೆ ಆಕಾರದ ಡಬ್ಬಿಯಲ್ಲಿರೋ ಚಿನ್ನದ ಗಡಿಯಾರ, ಅಷ್ಟೇ. 2,450 ಡಾಲರ್‌ಗೆ ಹೋಯ್ತು. ಹೆಸರು ಕಳ್ಕೊಂಡ ವಸ್ತುವಿನ ಬೆಲೆ ಹೀಗೇ ಇಳಿಯುತ್ತೆ.

ಅದಾಗಿ ಸುಮಾರು ನಲವತ್ತು ವರ್ಷದ ಮೇಲೆ ಅಮೆರಿಕದ ಮಿಡ್‌ವೆಸ್ಟ್‌ನ ಹಳೇ ಸಾಮಾನಿನ ಸಂತೆಯೊಂದರಲ್ಲಿ ಗುಜರಿ ಚಿನ್ನದ ವ್ಯಾಪಾರಿ ಒಬ್ಬ ಇದನ್ನ ನೋಡಿದ. ಚಿನ್ನಕ್ಕಿಷ್ಟು, ಕಲ್ಲಿಗಿಷ್ಟು ಅಂತ ಲೆಕ್ಕ ಹಾಕಿ ಸುಮಾರು 14,000 ಡಾಲರ್ ಕೊಟ್ಟ. ಕರಗಿಸೋರಿಗೆ ಮಾರಿದ್ರೆ ಒಂದು 500 ಡಾಲರ್ ಉಳಿಯುತ್ತೆ ಅನ್ನೋದು ಅವನ ಅಂದಾಜು. ತೋರಿಸಿದ ಕಡೆಯೆಲ್ಲಾ ಒಂದೇ ಉತ್ತರ: ಅಷ್ಟು ಬಾಳಲ್ಲ ಕಣಯ್ಯ, ನೀನು ಜಾಸ್ತಿ ಕೊಟ್ಟಿದ್ದೀಯ. ಚಿನ್ನ ಪರೀಕ್ಷೆ ಮಾಡೋಕೆ ಗೀರಿದ ಗುರುತುಗಳು ಇವತ್ತಿಗೂ ಅದರ ಮೇಲಿವೆ.

ಇಲ್ಲಿ ಸ್ವಲ್ಪ ನಿಲ್ಲಿ. ನಮಗೆ ಕಾಲೇಜಲ್ಲಿ ಸಂಕ್ ಕಾಸ್ಟ್ ಅಂತ ಪಾಠ ಇತ್ತು. ಖರ್ಚಾಗಿದ್ದು ಖರ್ಚಾಯ್ತು, ಅದನ್ನ ಹಿಡ್ಕೊಂಡು ಕೂರಬೇಡಿ, ನಷ್ಟ ಬರೆದುಕೊಂಡು ಮುಂದೆ ಹೋಗಿ ಅಂತ. ಆ ವ್ಯಾಪಾರಿ ಈ ಪಾಠ ಪಾಲಿಸಿದ್ದಿದ್ರೆ ಮೊಟ್ಟೆ ಕರಗಿ ಉಂಗುರವೋ ಬಳೆಯೋ ಆಗಿರ್ತಿತ್ತು. ಅವನ ಅಂದಾಜು ಸರಿ ಇದ್ದಿದ್ರೂ ಅಷ್ಟೇ, 500 ಡಾಲರ್ ಲಾಭ ಜೇಬಿಗೆ, ಮೊಟ್ಟೆ ಕುಲುಮೆಗೆ. ಜಾಸ್ತಿ ಕೊಟ್ಟು ತಪ್ಪು ಮಾಡಿದ, ನಷ್ಟಕ್ಕೆ ಕೊಡಲ್ಲ ಅಂತ ಹಠ ಹಿಡಿದ. ಹಾಗಾಗಿ ಅದು ವರ್ಷಗಟ್ಟಲೆ ಮನೆಯಲ್ಲೇ ಉಳೀತು.

2012ರಲ್ಲಿ ಒಂದು ರಾತ್ರಿ ಅವನು ಗೂಗಲ್‌ನಲ್ಲಿ ಎರಡು ಪದ ಹಾಕಿದ. ಒಂದು 'ಮೊಟ್ಟೆ', ಇನ್ನೊಂದು ಗಡಿಯಾರದ ಮೇಲಿದ್ದ ಆ ಹೆಸರು. ಸಿಕ್ಕಿದ್ದು 2011ರ ಟೆಲಿಗ್ರಾಫ್ ಪತ್ರಿಕೆಯ ವರದಿ. ಸಂಶೋಧಕರು ಅದೇ 1964ರ ಕ್ಯಾಟಲಾಗ್ ಚಿತ್ರ ನೋಡಿ, ಇದು ಕಳೆದುಹೋದ ಮೂರನೇ ಮೊಟ್ಟೆ ಅಂತ ಗುರುತಿಸಿದ್ದರು. ಆ ವರದಿಯಲ್ಲಿ ಮಾತಾಡಿದ್ದ ತಜ್ಞ ಕೀರನ್ ಮೆಕಾರ್ಥಿ ಲಂಡನ್ನಿನ ವಾರ್ಟ್‌ಸ್ಕಿ ಅಂಗಡಿಯವರು. ವ್ಯಾಪಾರಿ ಫೋಟೋ ಹಿಡ್ಕೊಂಡು ಲಂಡನ್‌ಗೇ ಹೋದ. ಮೆಕಾರ್ಥಿ ಅಮೆರಿಕಕ್ಕೆ ಬಂದು ನೋಡ್ದಾಗ ಚಕ್ರವರ್ತಿಯ ಮೊಟ್ಟೆ ಅಡುಗೆಮನೆ ಕಟ್ಟೆ ಮೇಲೆ, ಒಂದು ಕಪ್‌ಕೇಕ್ ಪಕ್ಕ ಕೂತಿತ್ತಂತೆ. ವಾರ್ಟ್‌ಸ್ಕಿ ಒಬ್ಬ ಸಂಗ್ರಾಹಕರಿಗಾಗಿ ಅದನ್ನ ಕೊಂಡಿತು. ಎಷ್ಟಕ್ಕೆ ಅಂತ ಹೊರಗೆ ಬರಲಿಲ್ಲ, ಪತ್ರಿಕೆಗಳ ಅಂದಾಜು 2 ಕೋಟಿ ಪೌಂಡ್. 2014ರ ಏಪ್ರಿಲ್‌ನಲ್ಲಿ ಲಂಡನ್‌ನಲ್ಲಿ ಪ್ರದರ್ಶನಕ್ಕಿಟ್ಟರು. 112 ವರ್ಷದ ಮೇಲೆ ಜನ ಅದನ್ನ ನೋಡಿದ್ದು ಆಗಲೇ.

ಈ ಕಥೆ ನನ್ನನ್ನ ಕಾಡೋದಕ್ಕೆ ಬೇರೆ ಕಾರಣ ಇದೆ. ನಮ್ಮಜ್ಜಿ ತೀರಿಕೊಂಡ ಮೇಲೆ ಊರಿನ ಮನೆ ಖಾಲಿ ಮಾಡಿದ್ವಿ. ನಾನಾಗ ಎರಡನೇ ವರ್ಷದ ಬಿ.ಕಾಂ. 'ಲೆಕ್ಕ ಓದ್ತಿದ್ದಾನೆ' ಅಂತ ಪಾತ್ರೆ ವ್ಯಾಪಾರ ನನಗೇ ಬಿಟ್ಟರು. ತಾಮ್ರದ ಹಂಡೆ, ಹಿತ್ತಾಳೆ ಕೊಳದಪ್ಪಲೆ, ತಂಬಿಗೆ ಎಲ್ಲಾ ಗುಜರಿಯವನ ತಕ್ಕಡಿಗೆ. ಕೆ.ಜಿ.ಗೆ ಹತ್ತು ರೂಪಾಯಿ ಜಾಸ್ತಿ ಮಾಡಿಸಿದ್ದೆ. ಹೆಮ್ಮೆಯಿಂದ ದುಡ್ಡು ಎಣಿಸಿ ಕೊಟ್ಟಾಗ ಅಮ್ಮ ಕೇಳಿದ್ದಿಷ್ಟೇ: "ಆ ಹಂಡೆ ಕಂಠದ ಮೇಲೆ ಏನೋ ಬರೆದಿತ್ತಲ್ಲೋ, ಓದಿದ್ಯಾ?"

ಓದಿರಲಿಲ್ಲ. ಅದು ಕೋಟಿ ಬಾಳ್ತಿತ್ತು ಅಂತ ಹೇಳ್ತಿಲ್ಲ, ಖಂಡಿತ ಬಾಳ್ತಿರಲಿಲ್ಲ. ಅಜ್ಜಿಯ ಅಪ್ಪನ ಹೆಸರಿತ್ತೋ, ಮದುವೆ ತಾರೀಕಿತ್ತೋ, ಮನೆಯಲ್ಲಿ ಈಗ ಹೇಳೋರು ಯಾರೂ ಇಲ್ಲ. ನನ್ನ ಲೆಕ್ಕ ಸರಿಯಾಗಿತ್ತು, ಅದಕ್ಕೇ ಆ ಹಂಡೆ ಹೋಯ್ತು.

ಆ ವ್ಯಾಪಾರಿಗೂ ನನಗೂ ಇದ್ದ ವ್ಯತ್ಯಾಸ ಇಷ್ಟೇ. ತಡವಾಗಿಯಾದ್ರೂ ಅವನು ವಸ್ತುವಿನ ಮೇಲಿದ್ದ ಹೆಸರು ಓದಿದ. ನಿಮ್ಮ ಅಟ್ಟದ ಮೇಲೂ ಅಂಥದ್ದೇನಾದ್ರೂ ಇದ್ರೆ ಮಾರಬೇಡಿ ಅಂತ ನಾನು ಹೇಳಲ್ಲ, ಜಾಗ ಎಲ್ಲರಿಗೂ ಕಮ್ಮಿ. ಕೊಡೋ ಮೊದಲು ಹುಣಸೆಹಣ್ಣು ಹಾಕಿ ಉಜ್ಜಿ, ಏನು ಬರೆದಿದೆ ನೋಡಿ, ಒಂದು ಫೋಟೋ ತೆಗೆದಿಡಿ. ಮನೆಯಲ್ಲಿ ಹಿರಿಯರಿದ್ರೆ ಇವತ್ತೇ ಕೇಳಿ.

ಸಂಡೇ ಬಜಾರ್‌ಗೆ ನಾನು ಈಗಲೂ ಹೋಗ್ತೀನಿ. ಹಳೇ ಹಂಡೆ ಕಂಡ್ರೆ ಕಂಠ ತಿರುಗಿಸಿ ಓದ್ತೀನಿ. ಇಲ್ಲಿಯವರೆಗೂ ಬೇರೆಯವರ ಅಜ್ಜಿಯರ ಹೆಸರುಗಳೇ ಸಿಕ್ಕಿವೆ. ಮುಂದಿನ ವಾರ ಸಿಗೋಣ.