ಸಿಂಹಲಾಂಛನವೂ ಸಿಂಹದ ಛಾಯಾಚಿತ್ರವೂ

ಹಾನಗಲ್ಲು ಪೂರ್ವಕಾಲದಲ್ಲಿ ಪಾನುಂಗಲ್ಲೆಂಬ ಹೆಸರಿನಿಂದ ಕದಂಬವಂಶದ ಒಂದು ಶಾಖೆಗೆ ರಾಜಧಾನಿಯಾಗಿದ್ದಿತೆಂಬದು ವಾಚಕರಿಗೆ ಸುವಿದಿತವೇ ಇದೆ. ಬನವಾಸಿಪುರವರಾಧೀಶ್ವರರೆಂದು ಬಿರುದು ಧರಿಸಿದ ಈ ಅರಸರಿಗೆ ವಾನರನು ಧ್ವಜವಾಗಿದ್ದನು, ಸಿಂಹವು ಲಾಂಛನವಾಗಿದ್ದಿತು. ವಾನರವನ್ನು ಅವರ ಪ್ರಜೆಗಳು ಊರ ಹೊರಗಿನ ಮರಗಳಲ್ಲಿ ದಿನಾಲು ಕಾಣುತ್ತಿದ್ದಿರಬೇಕು. ಸಿಂಹವನ್ನು ಕಂಡವರು ಮಾತ್ರ ಆ ರಾಜ್ಯದಲ್ಲಿ ಯಾರಾದರೂ ಇದ್ದರೆಂದು ನಂಬುವದು ಕಷ್ಟವು. ಯಾಕಂದರೆ ಭರತಖಂಡದಲ್ಲಿ ಸಿಂಹದ ನೆಲೆಯು ಉತ್ತರದ ಮತ್ತು ಮಧ್ಯಭಾಗದ ಬಯಲುಸೀಮೆಗಳಲ್ಲಿ ಇದ್ದಿತೇ ಹೊರತು, ನರ್ಮದಾನದಿಯನ್ನು ದಾಟಿ ಅದು ದಕ್ಷಿಣಕ್ಕೆ ವಾಸಿಸಿದ್ದುದಕ್ಕೆ ನೆಚ್ಚತಕ್ಕ ಆಧಾರವಿಲ್ಲ. ಹೀಗಿದ್ದರೂ ನಮ್ಮ ಸೀಮೆಯ ಗುಡಿಗಳಲ್ಲಿ ಸಿಂಹಕ್ಕೇನೂ ಕೊರತೆಯಿಲ್ಲ. ಚಾಲುಕ್ಯಶೈಲಿಯ ಶಿಲ್ಪದಲ್ಲಿ ಸಿಂಹಮುಖವು ಶಿಖರದ ಮೇಲೆ, ತೋರಣದ ನಡುವೆ, ಬಾಗಿಲವಾಡದ ಮಗ್ಗುಲಲ್ಲಿ ಸರ್ವತ್ರ ಕಾಣುವದು. ಕಾಣದ ಮೃಗವನ್ನು ಶಿಲ್ಪಿಗಳು ಶಾಸ್ತ್ರದಿಂದಲೂ ಪರಂಪರೆಯಿಂದಲೂ ಕಂಡರು.

ಇದಕ್ಕೊಂದು ಒಳ್ಳೆಯ ಉದಾಹರಣವು ಹಿರೇಕೆರೂರಿಗೆ ಸಮೀಪದ ಬಳ್ಳಿಗಾವೆಯಲ್ಲಿದೆ. ಅಲ್ಲಿಯ ಕೇದಾರೇಶ್ವರ ದೇವಾಲಯದ ಮೇಲೆ ಹೊಯ್ಸಳರ ಲಾಂಛನವಾದ ಮೃಗವನ್ನು ಇರಿಯುತ್ತಿರುವ ವೀರನ ವಿಗ್ರಹವನ್ನು ನೋಡಬಹುದು. ಕಥೆಯು ಆ ಮೃಗವನ್ನು ಹುಲಿಯೆನ್ನುವದು. ವಿಗ್ರಹವನ್ನು ಕಂಡವರು ಸಿಂಹವೆನ್ನುವರು. ವಿದ್ವಾಂಸರು ಈ ವರೆಗೂ ಚರ್ಚಿಸುವರು. ಸಿಂಹವನ್ನು ಕೊಲ್ಲುವ ಲಾಂಛನದ ಇಮ್ಮಡಿ ಬಲ್ಲಾಳನು ೧೧೯೬ರಲ್ಲಿ ಸಿಂಹಲಾಂಛನದ ಹಾನಗಲ್ಲನ್ನೇ ಮುತ್ತಿದನೆಂಬದು ಇತಿಹಾಸದ ಒಂದು ವಿನೋದವು. ಆದರೆ ಹುಲಿಯೋ ಸಿಂಹವೋ ಎಂಬ ಸಂಶಯದಿಂದ ಆ ಶಿಲ್ಪದ ಬೆಲೆಯೇನೂ ತಗ್ಗಲಿಲ್ಲ. ಶಿಲ್ಪಿಯು "ನಾನು ಇದನ್ನು ಕಂಡೆನು" ಎಂದು ಹೇಳುವದಿಲ್ಲ. ಪರಾಕ್ರಮವೆಂದರೆ ಹೀಗಿರುವದೆಂದು ಮಾತ್ರ ಹೇಳುವನು. ಕೇಸರವನ್ನು ಸುರುಳಿಯಾಗಿ ಕೊರೆಯುವದು, ಕಣ್ಣನ್ನು ಹೊರಚಾಚಿಸುವದು, ಇದ್ದ ಉಗುರಿಗಿಂತ ದೊಡ್ಡ ಉಗುರನ್ನು ಇಡುವದು, ಇವೆಲ್ಲ ಅವನಿಗೆ ಸಲ್ಲುವ ಸ್ವಾತಂತ್ರ್ಯಗಳು.

ಛಾಯಾಚಿತ್ರದ ಮಾತು ಬೇರೆ. ಅದು ತನ್ನ ಹುಟ್ಟಿನಿಂದಲೇ ಸಾಕ್ಷಿಯ ಸ್ಥಾನದಲ್ಲಿ ನಿಂತಿರುವದು. ೧೮೩೯ರಲ್ಲಿ ಫ್ರಾನ್ಸ ದೇಶದಲ್ಲಿ ಪ್ರಕಟವಾದ ಈ ವಿದ್ಯೆಯು ನಮ್ಮ ಸೀಮೆಗೆ ಬರಲು ಎರಡು ದಶಕಗಳು ಕೂಡ ಹಿಡಿಯಲಿಲ್ಲ. ೧೮೫೫ರಲ್ಲಿ ಮುಂಬಯಿ ಸರಕಾರವು ಥಾಮಸ್ ಬಿಗ್ಸ್ ಎಂಬ ತೋಪಖಾನೆಯ ಅಧಿಕಾರಿಯನ್ನು ವಿಜಾಪುರ, ಬಾದಾಮಿ, ಐಹೊಳೆ ಮೊದಲಾದ ಸ್ಥಳಗಳ ಪ್ರಾಚೀನ ಕಟ್ಟಡಗಳ ಚಿತ್ರ ತೆಗೆಯಲು ನಿಯಮಿಸಿತು. ಅವನನ್ನು ಸೈನ್ಯವು ಮರಳಿ ಕರೆದುಕೊಂಡ ಮೇಲೆ ಡಾಕ್ಟರ್ ಪಿಗೌ ಎಂಬವನು ಆ ಕೆಲಸವನ್ನು ಮುಂದುವರಿಸಿದನು. ಇವರ ಮತ್ತು ನೀಲ್ ಎಂಬವನ ಚಿತ್ರಗಳನ್ನು ಕೂಡಿಸಿ, ಮೆಡೋಸ್ ಟೇಲರನ ಮತ್ತು ಫರ್ಗ್ಯುಸನ್ನನ ಬರವಣಿಗೆಯೊಡನೆ, ಧಾರವಾಡ ಮತ್ತು ಮೈಸೂರು ಸೀಮೆಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವು ೧೮೬೬ರಲ್ಲಿ ಲಂಡನ್ನಿನಲ್ಲಿ ಹೊರಬಿದ್ದಿತು. ಇಂದು ಹಾವೇರಿ ಜಿಲ್ಲೆಯೆನಿಸುವ ಭಾಗವು ೧೯೯೭ರ ವರೆಗೆ ಧಾರವಾಡ ಜಿಲ್ಲೆಯಲ್ಲಿಯೇ ಇದ್ದಿತೆಂಬದನ್ನು ನೆನೆಯತಕ್ಕದ್ದು. ಹೀಗೆ ನಮ್ಮ ಸೀಮೆಯಲ್ಲಿ ಕ್ಯಾಮರಾ ಮೊದಲು ಕಂಡದ್ದು ಕಲ್ಲನ್ನು. ಬಿಗ್ಸನು ಬಳಸಿದ ಕಾಗದದ ನೆಗೆಟಿವ್ ಬೆಳಕನ್ನು ಕುಡಿಯಲು ಬಹಳ ಹೊತ್ತು ಬೇಡುತ್ತಿದ್ದಿತು. ಕಲ್ಲಿನ ಸಿಂಹವು ಅಷ್ಟು ಹೊತ್ತು ಅಲುಗದೆ ಕುಳ್ಳಿರಬಲ್ಲದು. ಜೀವಂತ ಸಿಂಹವು ಕುಳ್ಳಿರಲಾರದು.

ಆದುದರಿಂದ ವನ್ಯಮೃಗದ ಚಿತ್ರಕ್ಕೆ ಇನ್ನೆರಡು ಶೋಧಗಳು ಬೇಕಾದವು. ೧೮೭೧ರಲ್ಲಿ ಇಂಗ್ಲಂಡದ ಮ್ಯಾಡಾಕ್ಸ್ ಎಂಬವನು ಜೆಲಾಟಿನ್ ಲೇಪದ ಒಣಫಲಕವನ್ನು ಕಂಡುಹಿಡಿದನು. ಇದು ಸುಧಾರಿಸಿದಂತೆ ಕ್ಷಣಾರ್ಧದಲ್ಲಿ ಚಿತ್ರ ಹಿಡಿಯುವದು ಶಕ್ಯವಾಯಿತು. ೧೮೮೭ರಲ್ಲಿ ಜರ್ಮನಿಯಲ್ಲಿ ಮೆಗ್ನೇಶಿಯಮ್ ಮಿಂಚುಪುಡಿಯು ಹುಟ್ಟಿ ರಾತ್ರಿಯನ್ನೂ ಬೆಳಗಿತು. ಇವೆರಡನ್ನೂ ಹೊತ್ತುಕೊಂಡು ಜರ್ಮನಿಯ ಕಾರ್ಲ ಶಿಲ್ಲಿಂಗ್ಸನು ಪೂರ್ವ ಆಫ್ರಿಕದ ಬಯಲುಗಳಿಗೆ ಹೋದನು. ಸವಣೂರಿನಲ್ಲಿ ದೊಡ್ಡಹುಣಸೆಯೆಂದು ಕರೆಯಿಸಿಕೊಳ್ಳುವ ಭಾರೀ ಬೊಡ್ಡೆಯ ಮರಗಳನ್ನು ಕಂಡವರು ಆ ನಾಡಿನ ಒಂದು ತುಣುಕನ್ನು ಕಂಡಂತೆಯೇ ಸರಿ. ಆ ಮರದ ತವರು ಆಫ್ರಿಕವೇ. ಅಲ್ಲಿ ಶಿಲ್ಲಿಂಗ್ಸನು ಎತ್ತು ಕತ್ತೆಗಳನ್ನು ಕಟ್ಟಿ, ಕತ್ತಲೆಯಲ್ಲಿ ಬಂದೆರಗುವ ಸಿಂಹಗಳನ್ನು ಮಿಂಚಿನ ಬೆಳಕಿನಲ್ಲಿ ಹಿಡಿದನು. ೧೯೦೫ರ ಸುಮಾರಿಗೆ ಪ್ರಕಟವಾದ ಅವನ ಗ್ರಂಥದ ಮೊದಲ ಪುಟದಲ್ಲಿಯೇ, ಒಳಗಿನ ಚಿತ್ರಗಳೆಲ್ಲ ದಸ್ತೈವಜಿನಷ್ಟು ನಿಷ್ಠೆಯಿಂದ ಅಚ್ಚಾದವುಗಳೆಂಬ ಭರವಸೆಯನ್ನು ಕೊಡಲಾಗಿದೆ. ಇಂಥ ಭರವಸೆಯನ್ನು ಕೊಡಬೇಕಾದದ್ದೇ ಒಂದು ಸೂಚನೆ. ಗಾಜಿನ ಫಲಕದ ಮೇಲೆ ಸೀಸದ ಕಡ್ಡಿಯಿಂದಲೂ ಸಣ್ಣ ಚೂರಿಯಿಂದಲೂ ತಿದ್ದುವ ರೂಢಿಯು ಆ ಕಾಲಕ್ಕೆ ಹಳೆಯದಾಗಿದ್ದಿತು. ಬರೀ ಬಿಳುಪಾದ ಆಕಾಶಕ್ಕೆ ಬೇರೊಂದು ಫಲಕದ ಮೋಡವನ್ನು ಸೇರಿಸುವದನ್ನು ಯಾರೂ ದೊಡ್ಡ ತಪ್ಪೆಂದು ಎಣಿಸುತ್ತಿರಲಿಲ್ಲ. ಸಿಂಹದ ಚಿತ್ರವೂ ತಿದ್ದುವ ಪ್ರಶ್ನೆಯೂ ಜೊತೆಯಾಗಿಯೇ ಹುಟ್ಟಿದವೆಂದು ಇದರಿಂದ ತಿಳಿಯುವದು.

ಈಗ ನಮ್ಮ ದೇಶದ ಸಿಂಹಕ್ಕೆ ಬರೋಣ. ಒಂದು ಕಾಲಕ್ಕೆ ಪರ್ಶಿಯದಿಂದ ಬಿಹಾರದ ವರೆಗೆ ಹರಡಿದ್ದ ಈ ಜಾತಿಯು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಭಾರತದಲ್ಲಿ ಸೌರಾಷ್ಟ್ರದ ಗಿರ್ ಅರಣ್ಯದಲ್ಲಿ ಮಾತ್ರ ಉಳಿಯಿತು. ಜುನಾಗಡದ ನವಾಬರು ಕಾಪಾಡಿದ್ದರಿಂದ ಬದುಕಿತು. ೧೯೬೫ರಲ್ಲಿ ಗಿರ್ ಅಭಯಾರಣ್ಯವಾಯಿತು. ೧೯೬೮ರ ಗಣತಿಯಲ್ಲಿ ೧೭೭ ಸಿಂಹಗಳಿದ್ದವು. ೨೦೨೦ರಲ್ಲಿ ೬೭೪, ೨೦೨೫ರಲ್ಲಿ ೮೯೧ ಎಂದು ಎಣಿಸಲಾಯಿತು. ಅಲ್ಲಿ ಚಿತ್ರ ತೆಗೆಯುವದು ಆಫ್ರಿಕದ ತೆರೆದ ಬಯಲಿನಲ್ಲಿ ತೆಗೆದಷ್ಟು ಸುಲಭವಲ್ಲ. ಗಿರ್ ಬಹುಮಟ್ಟಿಗೆ ಸಾಗುವಾನಿಯ ಒಣಕಾಡು. ಉದುರಿದ ಎಲೆಯ ಬಣ್ಣವೂ ಮೃಗದ ಮೈಬಣ್ಣವೂ ಒಂದೇ ಆಗಿ, ಇಪ್ಪತ್ತು ಮಾರು ದೂರದಲ್ಲಿ ಮಲಗಿದ ಸಿಂಹವು ಕಣ್ಣಿಗೆ ಬೀಳದೆ ಹೋಗುವದು. ಮಳೆಗಾಲದಲ್ಲಿ ಕಾಡು ಮುಚ್ಚಿರುವದು. ಉಳಿದ ಋತುಗಳಲ್ಲಿ ಅಪ್ಪಣೆ ಪಡೆದ ವಾಹನದಲ್ಲಿ, ಗೊತ್ತುಪಡಿಸಿದ ದಾರಿಯಲ್ಲಿ, ಗೊತ್ತುಪಡಿಸಿದ ಹೊತ್ತಿನಲ್ಲಿ ಹೋಗತಕ್ಕದ್ದು. ಬೆಳಕು ಓರೆಯಾಗಿ ಬೀಳುವ ಮುಂಜಾವಿನ ಅಥವಾ ಸಂಜೆಯ ಸ್ವಲ್ಪ ಸಮಯವೇ ಉಪಯೋಗಕ್ಕೆ ಬರುವದು. ನಡುಹಗಲಿನ ಬಿಸಿಲಿನಲ್ಲಿ ಮೃಗವು ನಿದ್ರಿಸುವದಲ್ಲದೆ ಕಣ್ಣಿನ ಮೇಲೆ ಹುಬ್ಬಿನ ನೆರಳು ಬಿದ್ದು ಮುಖವು ನಿರ್ಜೀವವಾಗುವದು. ಪೂರ್ವದಲ್ಲಿ ಗಿರ್‌ನಲ್ಲಿಯೂ ಎಮ್ಮೆಗಳನ್ನು ಕಟ್ಟಿ ಸಿಂಹಗಳನ್ನು ಕರೆದು ತೋರಿಸುವ ಪದ್ಧತಿಯಿದ್ದಿತು. ಅದು ನಿಂತುಹೋದದ್ದು ಒಳ್ಳೆಯದೇ ಆಯಿತು. ಈಗ ಕಾಯುವ ತಾಳ್ಮೆಯೊಂದೇ ಛಾಯಾಗ್ರಾಹಕನ ಬೇಟೆಯ ಉಪಾಯವು.

ಚಿತ್ರವು ದೊರೆತ ಮೇಲೆ ತಿದ್ದುವ ಕೆಲಸವು ಆರಂಭವಾಗುವದು. ಪೂರ್ವದಲ್ಲಿ ಕತ್ತಲೆಕೋಣೆಯಲ್ಲಿ ನಡೆಯುತ್ತಿದ್ದದ್ದು ಈಗ ಗಣಕಯಂತ್ರದ ಮುಂದೆ ನಡೆಯುವದು. ಸಾಧನವು ಬೇರೆಯಾದರೂ ವಿವೇಕವು ಅದೇ. ಕ್ಯಾಮರಾದೊಳಗಿನ ಕಚ್ಚಾ ಕಡತವು ಹಳೆಯ ನೆಗೆಟಿವ್‌ನಂತೆ; ಅದರಿಂದ ಚಿತ್ರವನ್ನು ಹೊರತರದೆ ಗತಿಯಿಲ್ಲ. ಕಪ್ಪಾದ ನೆರಳನ್ನು ತುಸು ತೆರೆಯುವದು, ಸಂಜೆಯ ಬೆಳಕಿನ ಬಣ್ಣವನ್ನು ಕಣ್ಣು ಕಂಡ ಪ್ರಮಾಣಕ್ಕೆ ತರುವದು, ಅಂಚುಗಳನ್ನು ಕತ್ತರಿಸುವದು, ಧೂಳಿನ ಕಲೆಯನ್ನು ಅಳಿಸುವದು, ಇವು ಎಲ್ಲರೂ ಒಪ್ಪಿದ ತಿದ್ದುಪಡಿಗಳು. ಮುಖಕ್ಕೆ ಅಡ್ಡಬಂದ ಕೊಂಬೆಯನ್ನು ತೆಗೆಯುವದು, ಒಂದು ಚಿತ್ರದ ಮರಿಯನ್ನು ಇನ್ನೊಂದರ ತಾಯಿಯ ಹತ್ತಿರ ಇಡುವದು, ಇಲ್ಲದ ಮೋಡವನ್ನು ತರುವದು, ಇವು ಬೇರೆ ಜಾತಿಯವು. ಮೊದಲಿನವುಗಳಿಂದ ಇದ್ದದ್ದು ಕಾಣುವದು, ಎರಡನೆಯವುಗಳಿಂದ ಇಲ್ಲದ್ದು ಕಾಣುವದು. ಅಮೇರಿಕದ, ಯುರೋಪಿನ ಮತ್ತು ಇಂಗ್ಲಂಡದ ಮೂರು ದೊಡ್ಡ ಛಾಯಾಚಿತ್ರ ಸಂಸ್ಥೆಗಳು ೨೦೧೪ರಲ್ಲಿ ನಿಸರ್ಗಚಿತ್ರಕ್ಕೆ ಒಂದೇ ವ್ಯಾಖ್ಯೆಯನ್ನು ಒಪ್ಪಿಕೊಂಡಾಗ ಗೆರೆಯನ್ನು ಇಲ್ಲಿಯೇ ಎಳೆದವು: ಚಿತ್ರದಲ್ಲಿ ಏನನ್ನೂ ಸೇರಿಸಕೂಡದು, ಸ್ಥಳಾಂತರಿಸಕೂಡದು, ತೆಗೆಯಕೂಡದು. ವನ್ಯಪ್ರಾಣಿಯೆಂದು ಹೆಸರಿಸಬೇಕಾದರೆ ಅದು ತನ್ನ ನೆಲೆಯಲ್ಲಿ ಸ್ವತಂತ್ರವಾಗಿ ಇರತಕ್ಕದ್ದೆಂದೂ ಹೇಳಿದವು. ಶಿವಮೊಗ್ಗೆಯ ಬಳಿಯ ತ್ಯಾವರೆಕೊಪ್ಪದ ಸಫಾರಿಯಲ್ಲಿ ಸಿಂಹದ ಸುಂದರವಾದ ಚಿತ್ರವನ್ನು ತೆಗೆಯಬಹುದು. ಅದು ನಿಜವಾದ ಚಿತ್ರವೇ. ಬೇಲಿಯನ್ನು ಅಳಿಸಿ ಕೆಳಗೆ ಗಿರ್ ಎಂದು ಬರೆದ ಕ್ಷಣದಲ್ಲಿ ಅದು ಸುಳ್ಳಾಗುವದು.

ಇದೆಲ್ಲ ಸ್ಪರ್ಧೆಗಳ ಕಟ್ಟಳೆಯಾಯಿತು, ಮನೆಯಲ್ಲಿ ಚಿತ್ರ ನೋಡುವವರಿಗೆ ಇದರಿಂದೇನೆಂದು ಯಾರಾದರೂ ಕೇಳಬಹುದು. ಉತ್ತರವು ಸಿಂಹದ ಮುಖದಲ್ಲಿಯೇ ಬರೆದಿದೆ. ಪ್ರತಿಯೊಂದು ಸಿಂಹದ ಮೀಸೆಯ ಕೂದಲುಗಳ ಬುಡದಲ್ಲಿ ಕರಿಯ ಚುಕ್ಕೆಗಳ ಸಾಲುಗಳಿರುವವು. ಅವುಗಳ ಜೋಡಣೆಯು ಒಂದರಂತೆ ಇನ್ನೊಂದರದು ಇರುವದು ಬಹಳ ಅಪರೂಪವೆಂದೂ ಅದರಿಂದ ಒಂದೊಂದು ಸಿಂಹವನ್ನು ಗುರುತಿಸಬಹುದೆಂದೂ ೧೯೭೦ರಲ್ಲಿ ಪೆನ್ನಿಕ್ವಿಕ್ ಮತ್ತು ರುಡ್ನಾಯ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಮುಂದೆ ಗಿರ್‌ನ ಸಂಶೋಧಕರೂ ಈ ಮಾರ್ಗವನ್ನು ಹಿಡಿದರು. ನಮ್ಮ ನಾಡಿನಲ್ಲಿಯೇ ೧೯೯೦ರ ದಶಕದಲ್ಲಿ ಡಾಕ್ಟರ್ ಉಲ್ಲಾಸ ಕಾರಂತರು ನಾಗರಹೊಳೆಯ ಹುಲಿಗಳನ್ನು ತಾನಾಗಿ ಚಿತ್ರ ತೆಗೆಯುವ ಕ್ಯಾಮರಾಗಳಿಂದ ಹಿಡಿದು, ಪಟ್ಟೆಗಳನ್ನು ಹೋಲಿಸಿ ಎಣಿಕೆಯ ಶಾಸ್ತ್ರವನ್ನು ಕಟ್ಟಿದರು. ಇನ್ನು ಚಿತ್ರವನ್ನು "ನುಣುಪು" ಮಾಡುವವನು ಏನು ಮಾಡುವನೆಂಬದನ್ನು ವಿಚಾರಿಸಿರಿ. ಮಂದಬೆಳಕಿನ ಕಣಕಣವನ್ನು ಯಂತ್ರದಿಂದ ಒರೆಸುವಾಗ ಮೀಸೆಯ ಚುಕ್ಕೆಗಳೂ ಒರೆಸಿಹೋಗುವವು. ಕಿವಿಯ ಸೀಳನ್ನೂ ಮೂಗಿನ ಗಾಯದ ಕಲೆಯನ್ನೂ ಕುರೂಪವೆಂದು ಅಳಿಸಿದರೆ ಆ ಮೃಗದ ಚರಿತ್ರೆಯೇ ಅಳಿಯುವದು. ಏಶಿಯದ ಗಂಡುಸಿಂಹಕ್ಕೆ ಕೇಸರವು ತೆಳುವಾಗಿದ್ದು ಕಿವಿಗಳು ಹೊರಗೆ ಕಾಣುವವು. ಹೊಟ್ಟೆಯ ಕೆಳಗೆ ಚರ್ಮದ ಒಂದು ಮಡಿಕೆ ಜೋಲುವದು. ವೈಭವಕ್ಕಾಗಿ ಕೇಸರವನ್ನು ದಟ್ಟವಾಗಿಸಿ ಮಡಿಕೆಯನ್ನು ತಿದ್ದಿದವನು ಗಿರ್‌ನ ಸಿಂಹವನ್ನು ಆಫ್ರಿಕದ ಸಿಂಹವನ್ನಾಗಿ ಮಾಡಿದನು. ಶಾಸನದ ಸವೆದ ಅಕ್ಷರವನ್ನು ತನಗೆ ತೋರಿದಂತೆ ಉಳಿಯಿಂದ ತಿದ್ದಿ ಕೊರೆದವನ ಅಪರಾಧಕ್ಕೂ ಇದಕ್ಕೂ ಭೇದವಿಲ್ಲ. ಮುಂದೆ ಓದುವವನು ತಿದ್ದಿದವನ ಊಹೆಯನ್ನೇ ಅರಸನ ಮಾತೆಂದು ಓದುವನು.

ಈ ಮೋಹಕ್ಕೆ ಒಳಗಾದವರು ಸಾಮಾನ್ಯರೇ ಅಲ್ಲ. ೧೯೮೨ರ ಫೆಬ್ರುವರಿಯ ನ್ಯಾಶನಲ್ ಜಿಯಾಗ್ರಫಿಕ್ ಪತ್ರಿಕೆಯು ಮುಖಪುಟದ ಅಳತೆಗೆ ಹೊಂದಿಸುವದಕ್ಕೋಸ್ಕರ ಈಜಿಪ್ತದ ಪಿರಮಿಡ್ಡುಗಳನ್ನೇ ಹತ್ತಿರ ಸರಿಸಿ ಟೀಕೆಗೆ ಗುರಿಯಾಯಿತು. ಲಂಡನ್ನಿನಲ್ಲಿ ಪ್ರತಿವರ್ಷ ಕೊಡುವ ವನ್ಯಜೀವಿ ಛಾಯಾಗ್ರಾಹಕ ಪ್ರಶಸ್ತಿಯನ್ನು ೨೦೦೯ರಲ್ಲಿ ಗೆದ್ದ, ಬೇಲಿಯನ್ನು ಹಾರುವ ತೋಳದ ಚಿತ್ರವನ್ನು, ತೋಳವು ಪಳಗಿದ್ದೆಂದು ತೀರ್ಪುಗಾರರು ಕಂಡುಕೊಂಡದ್ದರಿಂದ ಮರುವರ್ಷ ರದ್ದುಪಡಿಸಿದರು. ಅಲ್ಲಿ ಯಂತ್ರದ ತಿದ್ದುಪಡಿಯೇ ಇರಲಿಲ್ಲವೆಂಬದು ಗಮನಿಸತಕ್ಕ ಸಂಗತಿಯು. ಚಿತ್ರವನ್ನು ತಿದ್ದದೆ ಸತ್ಯವನ್ನು ತಿದ್ದಬಹುದು. ಈಚೆಗಂತೂ ಕಾಡಿಗೆ ಹೋಗದೆ, ಕ್ಯಾಮರಾವನ್ನು ಮುಟ್ಟದೆ, ಮಾತಿನ ಅಪ್ಪಣೆಯಿಂದಲೇ ಸಿಂಹದ ಚಿತ್ರವನ್ನು ಹುಟ್ಟಿಸುವ ಯಂತ್ರಗಳು ಬಂದಿವೆ. ಅಂಥ ಸಿಂಹವು ಬಳ್ಳಿಗಾವೆಯ ಸಿಂಹದ ಬಂಧುವೇ ಹೊರತು ಗಿರ್‌ನ ಸಿಂಹದ ಬಂಧುವಲ್ಲ. ಅದು ತಾನು ಶಿಲ್ಪವೆಂದು ಒಪ್ಪಿಕೊಂಡರೆ ಯಾರ ತಕರಾರೂ ಇಲ್ಲ.

ನಮ್ಮ ತಾಲೂಕುಗಳಲ್ಲಿ ಸಿಂಹವಿಲ್ಲ; ಆದರೆ ಈ ವಿಚಾರದ ಅವಶ್ಯಕತೆಯು ಇಲ್ಲಿಯೂ ಉಂಟು. ಶಿಗ್ಗಾವಿ ತಾಲೂಕಿನ ಬಂಕಾಪುರದ ಕೋಟೆಯು ೨೦೦೬ರಲ್ಲಿ ನವಿಲುಧಾಮವಾಯಿತು. ನೆರೆಯ ರಾಣೆಬೆನ್ನೂರಿನ ಕುರುಚಲು ಕಾಡು ಚಿಗರಿಗಳಿಗೋಸ್ಕರ ೧೯೭೪ರಲ್ಲಿ ಅಭಯಾರಣ್ಯವಾಯಿತು. ಅಲ್ಲಿ ಹಿಂದೆ ಎರೆಭೂತ ಪಕ್ಷಿಯೂ ಕಾಣುತ್ತಿದ್ದಿತು. ಈಗ ಕರ್ನಾಟಕದಲ್ಲಿ ಆ ಪಕ್ಷಿಯು ಬಳ್ಳಾರಿಯ ಸಿರುಗುಪ್ಪದ ಕಡೆಗೆ ಬೆರಳೆಣಿಕೆಯಷ್ಟು ಮಾತ್ರ ಉಳಿದಿರುವದು. ಒಂದು ಪ್ರಾಣಿಯು ಒಂದು ಸ್ಥಳದಿಂದ ಮರೆಯಾದ ಮೇಲೆ, ಅದು ಅಲ್ಲಿದ್ದಿತೆಂಬದಕ್ಕೆ ದಿನಾಂಕವೂ ಊರೂ ಬರೆದಿಟ್ಟ ಒಂದು ಛಾಯಾಚಿತ್ರವು ತಾಮ್ರಪಟಕ್ಕೆ ಸಮಾನವಾದ ಆಧಾರವಾಗುವದು. ಇಂದು ಪ್ರತಿ ಮನೆಯಲ್ಲಿಯೂ ಕ್ಯಾಮರಾವುಳ್ಳ ಫೋನು ಇದೆ. ಹೊಲದ ಬದುವಿನಲ್ಲಿ ನಿಂತ ಚಿಗರಿಯ ಚಿತ್ರವನ್ನು ತೆಗೆಯದ ತರುಣರು ವಿರಳ. ಅವರು ಆ ಚಿತ್ರವನ್ನು ತಮ್ಮ ಸಂತೋಷಕ್ಕೆ ಬೇಕಾದಂತೆ ಬಣ್ಣಗೂಡಿಸಲಿ. ಆದರೆ ಮೂಲವನ್ನು ಮುಟ್ಟದೆ ಒಂದು ಪ್ರತಿಯನ್ನು ಕಾಯ್ದಿಡಲಿ, ಅದರ ಕೆಳಗೆ ಊರನ್ನೂ ತಿಥಿಯನ್ನೂ ಬರೆಯಲಿ. ಕದಂಬರ ಸಿಂಹದ ಕೇಸರವು ಎಷ್ಟು ದಟ್ಟವಾಗಿದ್ದರೂ ಯಾರಿಗೂ ನಷ್ಟವಿಲ್ಲ. ನಮ್ಮ ಕಾಲದ ಮೃಗಪಕ್ಷಿಗಳು ಹೇಗಿದ್ದವೆಂದು ಕೇಳುವ ಮುಂದಿನವರಿಗೆ ಮಾತ್ರ ಇದ್ದದ್ದನ್ನು ಇದ್ದಂತೆ ಕೊಟ್ಟುಹೋಗುವದು ನಮ್ಮ ಋಣವಾಗಿದೆ.