ಮಳೆಗಾಲದ ಪುಟ್ಟ ಅತಿಥಿ: ಮರಗಪ್ಪೆ

ಮುಂಬಯಿಯ ಬೋರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನ ಮನೆಗಳಲ್ಲಿ, ಮುಂಗಾರಿನ ರಾತ್ರಿ, ಗೋಡೆಗಂಟಿದ ಕಂದು ಕಪ್ಪೆಯನ್ನು ನೀವು ಕಂಡಿರಬಹುದು. ಅದು ಸಾಮಾನ್ಯ ಭಾರತೀಯ ಮರಗಪ್ಪೆ.

ಗುರುತಿಸುವುದು ಹೇಗೆ?
• ಬೆರಳ ತುದಿಗಳಲ್ಲಿ ಅಗಲವಾದ ದುಂಡು ಅಂಟುಬಿಲ್ಲೆಗಳು.
• ತೊಡೆಯ ಹಿಂಬದಿಯಲ್ಲಿ ಹಳದಿ ಚುಕ್ಕೆಗಳು.
• ಗಂಡಿಗಿಂತ ಹೆಣ್ಣು ದೊಡ್ಡದು.
• ಗಂಡಿನ ಕೂಗು ‘ಟಕ್ ಟಕ್’ ಎಂದು ಮರ ಬಡಿದಂತೆ.

ನೊರೆಯ ತೊಟ್ಟಿಲು
ಹೆಣ್ಣು ನೀರಿನ ಮೇಲೆ ಬಾಗಿದ ಎಲೆಗೋ ತೊಟ್ಟಿಯ ಗೋಡೆಗೋ ನೊರೆಗೂಡು ಕಟ್ಟಿ ಮೊಟ್ಟೆಯಿಡುತ್ತದೆ. ಒಡೆದು ಬಂದ ಗೊದಮೊಟ್ಟೆಗಳು ಕೆಳಗಿನ ನೀರಿಗೆ ಜಾರುತ್ತವೆ.

ಕನ್ನಡ ನಾಡಿನ ನಂಟು
ಈ ಮರಗಪ್ಪೆಯ ಬಂಧು, ಮುಂಬಯಿ ಹೆಸರು ಹೊತ್ತ ‘ಬಾಂಬೆ ಪೊದೆಗಪ್ಪೆ’ಯನ್ನು 1919ರಲ್ಲಿ ಪ್ರಾಣಿಶಾಸ್ತ್ರಜ್ಞ ಅನಂಡೇಲ್ ವಿವರಿಸಿದ್ದು ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನ ಮಾದರಿಯಿಂದ, ಆಗ ಆ ಜಿಲ್ಲೆ ಬಾಂಬೆ ಪ್ರಾಂತ್ಯದಲ್ಲಿತ್ತು. ಅದರ ಕುಲನಾಮ ‘ರಾವೋರ್ಕೆಸ್ಟಿಸ್’, ಬೆಂಗಳೂರಿನ ಪ್ರಾಣಿಶಾಸ್ತ್ರಜ್ಞ ಸಿ. ಆರ್. ನಾರಾಯಣ ರಾವ್ ಅವರಿಗೆ 2010ರಲ್ಲಿ ಸಂದ ಗೌರವ. ಈ ಕುಲದಲ್ಲಿ ಗೊದಮೊಟ್ಟೆಯ ಹಂತವೇ ಇಲ್ಲ. ಮೊಟ್ಟೆಯಿಂದ ನೇರವಾಗಿ ಮರಿಗಪ್ಪೆ ಹೊರಬರುತ್ತದೆ.

ಸಾಕಬೇಡಿ, ಕಾಪಾಡಿ
ಕಪ್ಪೆ ತೇವದ ಚರ್ಮದ ಮೂಲಕವೂ ಉಸಿರಾಡುತ್ತದೆ. ಕೈಗೆ ಹಚ್ಚಿದ ಸೊಳ್ಳೆ ಮುಲಾಮು, ಸಾಬೂನು ಅದಕ್ಕೆ ವಿಷ. ಉದ್ಯಾನದಿಂದ ಯಾವ ಜೀವಿಯನ್ನೂ ಒಯ್ಯುವುದು ಅಪರಾಧ. ಮನೆಯಂಗಳದಲ್ಲಿ ಒಂದಿಷ್ಟು ಗಿಡ, ಔಷಧ ಸಿಂಪಡಿಸದ ಮಣ್ಣು, ನೆರಳು ಉಳಿಸಿ. ಮರಗಪ್ಪೆ ತಾನಾಗಿಯೇ ಬರುತ್ತದೆ.